ಸಹಾಯ ಬೇಕು: ಮೋಟರ್‌ಹೋಮ್ ಡೀಸೆಲ್ ಎಂಜಿನ್ ಐಡ್ಲಿಂಗ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ, ಸುಮಾರು 7,000 ಅಡಿ ಎತ್ತರ, ಚಳಿ ಜೋರು. ಹೋದ ತಿಂಗಳು 38 ಅಡಿಯ ಹಳೇ ಮೋಟರ್‌ಹೋಮ್ (ಒಳಗೇ ವಾಸ ಮಾಡೋ ಬಸ್ಸಿನಂಥ ಗಾಡಿ) ತಗೊಂಡ್ವಿ. ಹಿಂದುಗಡೆ 8.9 ಲೀಟರ್ ಕಮಿನ್ಸ್ ಎಂಜಿನ್.

ಬೆಳಿಗ್ಗೆ ಸ್ಟಾರ್ಟ್ ಮಾಡಿ, ಗಾಡಿ ಓಡಿಸದೆ ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ಹಾಗೇ ಬಿಡ್ತಿದ್ದೆ, ಬಿಸಿಯಾಗಲಿ ಅಂತ. ಟೆಂಪರೇಚರ್ ಮುಳ್ಳು ಅಲ್ಲಾಡಲೇ ಇಲ್ಲ. ನಿನ್ನೆ ಸೈಲೆನ್ಸರ್ ಪೈಪಿನೊಳಗೆ ಬೆರಳು ಹಾಕಿ ನೋಡಿದರೆ ಜಿಡ್ಡುಜಿಡ್ಡಾದ ಕರಿಮಸಿ! ಬರೀ ಐಡ್ಲಿಂಗ್‌ನಲ್ಲಿ ಸಿಲಿಂಡರ್ ತಣ್ಣಗಿದ್ದು ಡೀಸೆಲ್ ಪೂರ್ತಿ ಉರಿಯಲ್ಲ ಅಂತ ಆಮೇಲೆ ಗೊತ್ತಾಯ್ತು. ತುಂಬ ಬೇಜಾರಾಯ್ತು.

ಅನುಭವ ಇರೋರು ದಯವಿಟ್ಟು ಹೇಳಿ: ರಾತ್ರಿ ಬ್ಲಾಕ್ ಹೀಟರ್ (ಎಂಜಿನ್ ಬೆಚ್ಚಗಿಡೋ ಕರೆಂಟ್ ಹೀಟರ್) ಹಾಕಿಟ್ಟು, ಬೆಳಿಗ್ಗೆ ಏರ್‌ಬ್ರೇಕ್ ಪ್ರೆಶರ್ ಬಂದ ಕೂಡಲೇ ನಿಧಾನಕ್ಕೆ ಹೊರಟರೆ ಸಾಕಾ? ಕಾಯಲೇಬೇಕಾದಾಗ ಆರ್‌ಪಿಎಂ 1,000ಕ್ಕೆ ಏರಿಸಿಡಬೇಕಾ? ಘಾಟಿ ಹತ್ತಿ ನಿಲ್ಲಿಸಿದಾಗ ಟರ್ಬೋ (ಎಂಜಿನ್‌ಗೆ ಗಾಳಿ ಒತ್ತಿ ಕೊಡೋ ಭಾಗ) ತಣ್ಣಗಾಗೋಕೆ ಎಂಜಿನ್ ಆಫ್ ಮಾಡದೆ ಮೂರು ನಿಮಿಷ ಬಿಡ್ತೀನಿ, ಅದು ಸರಿನಾ?