ಚದುರಿಹೋದ ಬಳಗವನ್ನು ಹಿಡಿದಿಡುವುದು ಹೇಗೆ? ಅನುಭವಸ್ಥರು ಹೇಳಿ

ಕೇಳಿದವರು: ಹದಿನೈದು ವರ್ಷ ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಕುಳಿತು ಪುಸ್ತಕ ಓದುತ್ತಿದ್ದ 22 ಮಂದಿಯ ಬಳಗ ನಮ್ಮದು. ಈಗ ನಾಲ್ಕು ದೇಶಗಳಲ್ಲಿ ಚದುರಿದ್ದೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭೋದಯದ ಹೂವುಗಳ ಹೊರತು ಏನೂ ಉಳಿದಿಲ್ಲ. ನೀವೆಲ್ಲ ಏನು ಮಾಡಿದಿರಿ?

ಉತ್ತರ 1: ನಮ್ಮದು ಹಾಡುವವರ ಬಳಗ. 2020ರಲ್ಲಿ ಎಲ್ಲರಂತೆ ನಾವೂ ಜೂಮ್‌ಗೆ ಓಡಿದೆವು. ಮೊದಲ ದಿನವೇ ಒಟ್ಟಿಗೆ ಹಾಡಲು ಹೋಗಿ ನಗೆಪಾಟಲಾದೆವು. ಧ್ವನಿ ತಲುಪುವುದು ಒಂದಿಷ್ಟು ತಡವಾದರೂ ಸಾಕು, ಒಬ್ಬರು ಸಾಲು ಮುಗಿಸುವಾಗ ಇನ್ನೊಬ್ಬರು ಅದರ ನಡುವೆಯೇ ಇರುತ್ತಾರೆ. ಕೊನೆಗೆ ಒಬ್ಬರು ಹಾಡುವುದು, ಉಳಿದವರು ಮೈಕ್ ಮುಚ್ಚಿ ದನಿಗೂಡಿಸುವುದು ಎಂದಾಯಿತು. ಪರದೆಯ ತುಂಬ ಸದ್ದಿಲ್ಲದೆ ಆಡುವ ತುಟಿಗಳು. ವಿಚಿತ್ರವೇ, ಆದರೂ ಅಭ್ಯಾಸವಾಯಿತು.

ಹಣ ಕೊಡದ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತಿತ್ತು. ಅದರಿಂದಲೇ ನಮಗೆ ಬುದ್ಧಿ ಬಂದದ್ದು. ಹಾಡು ಮುಗಿಯುತ್ತಿತ್ತು, ಮಾತು ಉಳಿಯುತ್ತಿತ್ತು. ಹಿಂದೆಲ್ಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಇಬ್ಬಿಬ್ಬರೇ ನಿಂತು ಆಡುತ್ತಿದ್ದೆವಲ್ಲ, ಮಗಳ ಪರೀಕ್ಷೆ, ಮಂಡಿ ನೋವು, ಬಿಟ್ಟ ಕೆಲಸ, ಆ ಮಾತು. ಇಪ್ಪತ್ತು ಮುಖಗಳ ಮುಂದೆ ಅದನ್ನು ಯಾರೂ ಆಡುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಚೀಟಿ ಎತ್ತಿ ಜೋಡಿ ಮಾಡುತ್ತೇವೆ. ಸಭೆ ಮುಗಿದ ಕೂಡಲೇ ಜೋಡಿಗೆ ಒಂದು ಫೋನು, ಅಷ್ಟೇ. ಸಭೆಗೆ ತಪ್ಪಿಸಿಕೊಳ್ಳುವವರೂ ಆ ಫೋನಿಗೆ ತಪ್ಪಿಸಿಕೊಳ್ಳುವುದಿಲ್ಲ.

ಉತ್ತರ 2: ನಾಲ್ಕು ದೇಶ ಎಂದಿರಿ, ಗಡಿಯಾರದ ಮೇಲೆ ಕಣ್ಣಿರಲಿ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ; ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ನಮ್ಮವರಲ್ಲಿ ಅರ್ಧ ಮಂದಿ ಖಾಲಿ ಪರದೆ ನೋಡಿ ಮುನಿಸಿಕೊಂಡು ಎದ್ದುಹೋಗಿದ್ದರು.

ಉತ್ತರ 3: ವಿಡಿಯೊದ ಮೋಹ ಅತಿಯಾಯಿತು ಎಂಬುದು ನನ್ನ ತಕರಾರು. ನಮ್ಮಲ್ಲಿ ಹಿರಿಯರೊಬ್ಬರಿಗೆ ಕಣ್ಣು ಮಂಜು, ಪರದೆ ಬೇಡ. ಅವರಿಗೆ ವಾರದ ಅಧ್ಯಾಯವನ್ನು ಒಬ್ಬೊಬ್ಬರು ಸರದಿಯಂತೆ ಓದಿ ಧ್ವನಿಸಂದೇಶ ಕಳಿಸುತ್ತೇವೆ. ಯಾರ ಮನೆಯ ಕುಕ್ಕರ್ ಎಷ್ಟು ಬಾರಿ ಕೂಗಿತು ಎಂಬುದೂ ಅವರಿಗೆ ಗೊತ್ತು. ಉಚ್ಚಾರ ತಿದ್ದುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ, ಬೈಗುಳದ ಸಮೇತ. ಸುಮ್ಮನೆ ಕೇಳುವವರಾಗಿ ಇಟ್ಟಿದ್ದರೆ ಎಂದೋ ದೂರವಾಗುತ್ತಿದ್ದರು.

ಕೇಳಿದವರು: ಎಲ್ಲರಿಗೂ ಧನ್ಯವಾದ. ನಿನ್ನೆಯೇ ಚೀಟಿ ಎತ್ತಿದೆವು, 11 ಜೋಡಿ. ನನ್ನ ಪಾಲಿಗೆ ಬಂದವರು ಮೂರು ವರ್ಷದ ಹಿಂದೆ ನನ್ನೊಡನೆ ಮಾತು ಬಿಟ್ಟವರು. ಇನ್ನೊಮ್ಮೆ ಎತ್ತಬಹುದೇ?

ಉತ್ತರ 1: ಎತ್ತಬೇಡಿ.