ಚೈನ್ ಸಾ ಫಲಕದ ಪಠ್ಯ: ‘ಕಿಕ್‌ಬ್ಯಾಕ್’ಗೆ ಕನ್ನಡದಲ್ಲಿ ಏನೆನ್ನಬೇಕು?

ತೀರ್ಥಹಳ್ಳಿಯಿಂದ:

ಮಾನ್ಯರೇ,

ನಮ್ಮ ಕಡೆಯ ಅಡಿಕೆ ಬೆಳೆಗಾರರ ಸಂಘವೊಂದು ಸದಸ್ಯರಿಗೆ ಬಾಡಿಗೆಗೆ ಕೊಡುವ ಚೈನ್ ಸಾಗಳ ಜೊತೆಗೆ ಕನ್ನಡದಲ್ಲಿ ಒಂದು ಎಚ್ಚರಿಕೆಯ ಫಲಕವನ್ನೂ ಕಿರು ಕೈಪಿಡಿಯನ್ನೂ ಸಿದ್ಧಪಡಿಸಲು ತೀರ್ಮಾನಿಸಿ, ಅನುವಾದವನ್ನು ನನಗೆ ಒಪ್ಪಿಸಿದೆ. ಮಳೆಗಾಲ ಹಿಡಿದರೆ ಗಾಳಿಗೆ ಬಿದ್ದ ಅಕೇಶಿಯಾ, ಸಿಲ್ವರ್ ಮರಗಳನ್ನು ತೋಟದಿಂದಲೂ ರಸ್ತೆಯಿಂದಲೂ ತೆರವುಗೊಳಿಸಲು ಈ ಯಂತ್ರಗಳಿಗೆ ಬಿಡುವೇ ಇರುವುದಿಲ್ಲವಾದ್ದರಿಂದ, ಅದಕ್ಕೆ ಮೊದಲೇ ಫಲಕ ಗೋಡೆಗೇರಬೇಕು. ಫಲಕ ಬರೆಯುವವರಿಗೆ ನಾಡಿದ್ದು ಸಂಜೆಯೊಳಗೆ ಪಠ್ಯ ಕೊಡಬೇಕಾಗಿದೆ.

ಮುಖ್ಯವಾದ ತೊಡಕು, ಕೊಯ್ಯುವಾಗ ಯಂತ್ರ ಥಟ್ಟನೆ ಹಿಡಿದವನ ಕಡೆಗೆ ನುಗ್ಗುವ ‘ಕಿಕ್‌ಬ್ಯಾಕ್’ ಎಂಬುದರದು. ಸದ್ಯಕ್ಕೆ ‘ಹಿಮ್ಮುಖ ಒದೆತ’ ಎಂದು ಬರೆದಿಟ್ಟಿದ್ದೇನೆ, ಮನಸ್ಸಿಗೆ ಒಪ್ಪಿಗೆಯಾಗಿಲ್ಲ. ಚೈನು ಯಾವುದರ ಸುತ್ತ ಓಡುತ್ತದೆಯೋ ಆ ‘ಗೈಡ್ ಬಾರ್’, ಮರ ಉರುಳಿಸುವಾಗ ಕೊಯ್ಯದೆ ಉಳಿಸಿಕೊಳ್ಳುವ ‘ಹಿಂಜ್’, ಬಿದ್ದು ಬಾಗಿ ನಿಂತ ಕೊಂಬೆಯ ‘ಟೆನ್ಷನ್’ ಮತ್ತು ‘ಕಂಪ್ರೆಷನ್’ ಬದಿಗಳು, ಇವಕ್ಕೂ ಪದಗಳು ಬೇಕು. ಓದುವವರು ತೋಟದ ಕೆಲಸಗಾರರು ಎಂಬುದು ಗಮನದಲ್ಲಿರಲಿ.

ಬೆಂಗಳೂರಿನಿಂದ:

‘ಕಿಕ್‌ಬ್ಯಾಕ್’ಗೆ ‘ಹಿನ್ನೊದೆತ’. ‘ಮುನ್ನೆಚ್ಚರಿಕೆ’ ಆದ ಹಾಗೆಯೇ ಇದೂ ಆಗುತ್ತದೆ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಬಾರ್‌ಗೆ ‘ಅಲಗು’, ಹಿಂಜ್‌ಗೆ ‘ಕೀಲು’. ಅದಕ್ಕಿಂತ ಮೊದಲು ತಾವು ತಲೆಬರಹವನ್ನೇ ತಿದ್ದಿಕೊಳ್ಳಬೇಕು. ‘ಗರಗಸ’ ಎಂಬ ಅಚ್ಚಗನ್ನಡದ ಪದ ಕೈಯಲ್ಲಿರುವಾಗ ‘ಚೈನ್ ಸಾ’ ಎಂದು ಬರೆಯುವ ಅಗತ್ಯವೂ ಇಲ್ಲ, ‘ಯಂತ್ರ’ವೆಂಬ ಸಂಸ್ಕೃತದ ಪದವನ್ನು ಅದಕ್ಕೆ ಅಂಟಿಸುವ ಅಗತ್ಯವೂ ಇಲ್ಲ.

ಶಿವಮೊಗ್ಗದಿಂದ:

‘ಗರಗಸ’ ಅಚ್ಚಗನ್ನಡವಲ್ಲ. ಅದು ಸಂಸ್ಕೃತದ ‘ಕ್ರಕಚ’ದ ತದ್ಭವ, ಕಕಾರಗಳು ಗಕಾರಗಳಾಗಿ, ಚಕಾರ ಸಕಾರವಾಗಿ ಬಂದಿರುವುದನ್ನು ಶಾಲೆಯ ವ್ಯಾಕರಣದಲ್ಲಿಯೇ ಕಲಿಸುತ್ತಿದ್ದೆವು. ಸಂಸ್ಕೃತದಿಂದ ಬಂದದ್ದೆಂದು ‘ಯಂತ್ರ’ವನ್ನು ಹೊರಗಿಡುವವರು ‘ಗರಗಸ’ವನ್ನೂ ಹೊರಗಿಡಬೇಕಾಗುತ್ತದೆ, ಆಮೇಲೆ ಮರವನ್ನು ಯಾವುದರಿಂದ ಕೊಯ್ಯಿಸುತ್ತಾರೆ ಎಂಬುದನ್ನು ಅವರೇ ತಿಳಿಸಲಿ.

‘ಅಲಗು’ ಎಂಬುದಂತೂ ಪೂರ್ತಿ ತಪ್ಪು. ಕತ್ತಿಗೆ ಅಲಗುಂಟು, ಅಂಚಿನಲ್ಲಿ ಹರಿತವುಂಟು. ಇಲ್ಲಿ ಕೊಯ್ಯುವುದು ಚೈನಿನ ಹಲ್ಲು. ಬಾರ್ ಅದಕ್ಕೆ ದಾರಿ ಮಾತ್ರ. ಕಿಕ್‌ಬ್ಯಾಕ್‌ಗೆ ‘ಪ್ರತಿಘಾತ’ ಎನ್ನಬಹುದು. ಅರ್ಥ ಸ್ಪಷ್ಟವಾಗಿದೆ, ರೂಪವೂ ಶುದ್ಧವಾಗಿದೆ.

ಸಾಗರದಿಂದ:

ಮಾನ್ಯರೇ, ನಾನು ಈ ಯಂತ್ರಗಳನ್ನು ದುರಸ್ತಿ ಮಾಡುವವನು. ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ಅವುಗಳನ್ನು ಹಿಡಿಯುವುದನ್ನು ಕಲಿಸುವವನೂ ಹೌದು. ಚೈನು ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ಇಲ್ಲಿ ಈವರೆಗೆ ಯಾರೂ ಕೇಳಿಲ್ಲ. ಅದು ಗೊತ್ತಾಗದೆ ಈ ಪದ ಸಿಕ್ಕುವುದಿಲ್ಲ.

ಬಾರ್‌ನ ಮೇಲಂಚಿನಲ್ಲಿ ಚೈನು ನಮ್ಮಿಂದ ಮುಂದಕ್ಕೆ ಓಡಿ, ಬಾರ್‌ನ ತುದಿಯಾದ ಮೂತಿಯನ್ನು ಸುತ್ತಿ, ಕೆಳಗಿನ ಅಂಚಿನಲ್ಲಿ ನಮ್ಮ ಕಡೆಗೆ ಹಿಂದಿರುಗುತ್ತದೆ. ಆದ್ದರಿಂದ ಕೆಳಗಿನ ಅಂಚಿನಿಂದ ಕೊಯ್ಯುವಾಗ ಗರಗಸ ತಾನಾಗಿಯೇ ಮರದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಅಡಿಯಿಂದ ಮೇಲಕ್ಕೆ, ಅಂದರೆ ಬಾರ್‌ನ ಮೇಲಂಚಿನಿಂದ ಕೊಯ್ಯುವಾಗ, ಅದು ನೇರವಾಗಿ ನಮ್ಮ ಮೈಮೇಲೆ ತಳ್ಳಿಕೊಂಡು ಬರುತ್ತದೆ. ತಾವು ಹೇಳುವ ‘ಹಿನ್ನೊದೆತ’ ಈ ಎರಡನೆಯದಕ್ಕೆ ಸರಿಯಾಗಿ ಹೊಂದುತ್ತದೆ. ‘ಕಿಕ್‌ಬ್ಯಾಕ್’ ಇವೆರಡೂ ಅಲ್ಲದ ಮೂರನೆಯದು. ಮೂತಿಯ ಮೇಲಿನ ಕಾಲುಭಾಗ ಕೊಯ್ಯುತ್ತಿರುವ ಮರಕ್ಕೋ, ಅದರ ಹಿಂದೆ ಕಾಣದೆ ಬಿದ್ದಿರುವ ಇನ್ನೊಂದು ದಿಮ್ಮಿಗೋ ತಾಗಿದರೆ, ಅಲ್ಲಿ ಹಲ್ಲು ಮರವನ್ನು ಕೊಯ್ದುಕೊಂಡು ಹೋಗಲಾರದೆ ಕಚ್ಚಿಕೊಳ್ಳುತ್ತದೆ. ಓಡುತ್ತಿದ್ದ ಚೈನಿನ ಬಲವೆಲ್ಲ ಆಗ ಬಾರ್‌ಗೆ ತಿರುಗಿ, ಬಾರ್ ಮೇಲೆದ್ದು ಮುಖ, ಕುತ್ತಿಗೆ, ಭುಜಗಳ ಕಡೆಗೆ ಬರುತ್ತದೆ. ಪೂರ್ತಿ ರೇಸ್ ಮಾಡಿದಾಗ ಚೈನಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಕಣ್ಣು ಕಂಡು, ಕೈ ತಡೆಯುವಷ್ಟು ಹೊತ್ತು ಅಲ್ಲಿ ಯಾರಿಗೂ ಸಿಗುವುದಿಲ್ಲ.

ನಮ್ಮ ಕೆಲಸಗಾರರು ಇದನ್ನು ‘ಮಷೀನು ಎಗರಿತು’ ಎನ್ನುತ್ತಾರೆ. ಎಗರುವುದೆಂದರೆ ಮೇಲಕ್ಕೆ ಹಾರುವುದು. ದಿಕ್ಕು ಕ್ರಿಯಾಪದದಲ್ಲಿಯೇ ಇದೆ. ‘ಒದೆತ’ವೆಂದು ಓದಿದವನು ಕೋವಿಯ ಹಿಡಿ ಭುಜಕ್ಕೆ ಒದೆಯುವುದನ್ನು ನೆನೆದು ಕಾಲನ್ನು ಗಟ್ಟಿಯಾಗಿ ಊರಿ ನಿಲ್ಲುತ್ತಾನೆ, ಆದರೆ ತಲೆಯನ್ನು ಬಾರ್‌ನ ನೇರದಲ್ಲಿಯೇ ಇಟ್ಟುಕೊಂಡಿರುತ್ತಾನೆ. ‘ಎಗರುತ್ತದೆ’ ಎಂದು ಓದಿದವನು ಮೊದಲು ತಲೆಯನ್ನು ಪಕ್ಕಕ್ಕೆ ತೆಗೆಯುತ್ತಾನೆ, ಎಡಗೈ ಹೆಬ್ಬೆರಳನ್ನು ಮುಂದಿನ ಹಿಡಿಯ ಸುತ್ತ ಬಿಗಿಯಾಗಿ ಮಡಿಸುತ್ತಾನೆ. ‘ಪ್ರತಿಘಾತ’ ಓದಿದವನು ಏನು ಮಾಡಬೇಕೆಂಬುದು ನನಗೆ ತಿಳಿಯದು.

ನಾಮಪದವೇ ಬೇಕೆಂಬ ಹಟವೂ ಏಕೆ? ಇಂಗ್ಲಿಷ್ ಕೈಪಿಡಿಯಲ್ಲಿ ಅದು ನಾಮಪದವಾಗಿರುವುದರಿಂದ ನಮ್ಮಲ್ಲಿಯೂ ಒಂದು ನಾಮಪದವನ್ನು ಕಟ್ಟಿ, ‘ಹಿನ್ನೊದೆತದ ಸಾಧ್ಯತೆಯನ್ನು ತಪ್ಪಿಸಿ’ ಎಂದು ಬರೆದರೆ, ಯಾವುದು ತಾಗಿದರೆ ಏನಾಗುತ್ತದೆ ಎಂಬ ಮಾತೇ ಮರೆಯಾಗುತ್ತದೆ. ‘ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಮುಖಕ್ಕೆ ಎಗರುತ್ತದೆ’ ಎಂದು ಒಂದು ವಾಕ್ಯ ಬರೆಯಿರಿ. ಕೈಪಿಡಿಯ ಒಳಗೆ ನಾಮಪದ ಬೇಕಾದ ಕಡೆ ‘ಎಗರುವಿಕೆ’ ಸಾಕು.

ಇನ್ನು ಉಳಿದ ಪದಗಳು. ಬಾರ್‌ಗೆ ‘ಪಟ್ಟಿ’ ಎನ್ನಬಹುದು. ಅಂಗಡಿಯಲ್ಲಿ ಕೇಳುವಾಗ ಮಾತ್ರ ‘ಬಾರ್’ ಎಂದೇ ಕೇಳಬೇಕಾಗುತ್ತದೆ, ಆದ್ದರಿಂದ ಕೈಪಿಡಿಯಲ್ಲಿ ಎರಡೂ ಇರಲಿ. ಹಿಂಜ್‌ಗೆ ‘ಕೀಲು’ ಸರಿಯಾಗಿದೆ, ಇದರಲ್ಲಿ ಬೆಂಗಳೂರಿನವರನ್ನು ಒಪ್ಪುತ್ತೇನೆ. ಮರ ಬೀಳಬೇಕಾದ ಬದಿಯಲ್ಲಿ ಮೊದಲು ತೆಗೆಯುವುದಕ್ಕೆ ‘ಕಚ್ಚು’ ಎಂಬ ಮಾತಿದೆ. ಬುಡದ ದಪ್ಪದ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ಅದು ಹೋಗಬೇಕು. ಆಮೇಲೆ ಹಿಂದಿನ ಬದಿಯಿಂದ, ಕಚ್ಚಿನ ತಳಕ್ಕಿಂತ ತುಸು ಮೇಲೆ ಕೊಯ್ಯುತ್ತ ಬಂದು, ದಪ್ಪದ ಹತ್ತನೆಯ ಒಂದು ಭಾಗದಷ್ಟನ್ನು ಕೊಯ್ಯದೆ ಉಳಿಸಬೇಕು. ಅದೇ ಕೀಲು. ಅದನ್ನು ಕೊಯ್ದುಬಿಟ್ಟರೆ ಮರ ಎತ್ತ ಬೇಕಾದರೂ ತಿರುಗಿ ಬೀಳುತ್ತದೆ.

ಬಾಗಿದ ಕೊಂಬೆಯ ವಿಚಾರದಲ್ಲಿ ‘ಕಂಪ್ರೆಷನ್’ಗೆ ‘ಒತ್ತಿದ ಬದಿ’, ‘ಟೆನ್ಷನ್’ಗೆ ‘ಬಿಗಿದ ಬದಿ’ ಎನ್ನಿರಿ. ಎರಡು ತುದಿಗೂ ಆಸರೆಯಿದ್ದು ನಡುವೆ ಜೋತ ಮರಕ್ಕೆ ಮೇಲ್ಬದಿ ಒತ್ತಿರುತ್ತದೆ, ಅಡಿ ಬಿಗಿದಿರುತ್ತದೆ. ಒಂದೇ ಕಡೆ ಆಸರೆಯಿದ್ದು ತುದಿ ಜೋತಿದ್ದರೆ ಇದು ತಿರುವುಮುರುವು. ಮೊದಲು ಒತ್ತಿದ ಬದಿಯಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಬಿಗಿದ ಬದಿಯಿಂದ ಮುಗಿಸಬೇಕು. ಬಿಗಿದ ಬದಿಯನ್ನೇ ಮೊದಲು ಕೊಯ್ದರೆ ಕೊಂಬೆ ಸೀಳಿಕೊಂಡು ಬಡಿಯುತ್ತದೆ. ಒತ್ತಿದ ಬದಿಯಲ್ಲಿ ಆಳಕ್ಕೆ ಇಳಿದರೆ ಬಾಯಿ ಮುಚ್ಚಿಕೊಂಡು ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲಿನ ಮರಗಳಲ್ಲಿ ನಾವು ಕಾಣುವುದು ಹೆಚ್ಚಾಗಿ ಇದನ್ನೇ, ಆದ್ದರಿಂದ ಇದನ್ನು ಕೈಪಿಡಿಯ ಒಳಪುಟಕ್ಕೆ ತಳ್ಳದೆ ಫಲಕಕ್ಕೇ ತರಬೇಕೆಂದು ಕೋರುತ್ತೇನೆ.

ಬೆಂಗಳೂರಿನಿಂದ:

‘ಎಗರು’ ಸರಿ. ಆದರೆ ತಮ್ಮ ಬರಹದಲ್ಲಿ ಚೈನು, ಬಾರ್, ರೇಸ್, ಮಷೀನು ಎಲ್ಲವೂ ಹಾಗೆಯೇ ಕುಳಿತಿವೆ. ಹೀಗೆ ಒಂದೊಂದಕ್ಕೂ ಕೆಲಸಗಾರರ ಬಾಯಿಯನ್ನು ಸಾಕ್ಷಿಗೆ ಕರೆದರೆ, ಇನ್ನೊಂದು ತಲೆಮಾರಿನಲ್ಲಿ ಕ್ರಿಯಾಪದಗಳಷ್ಟೇ ಕನ್ನಡದಲ್ಲಿ ಉಳಿಯುತ್ತವೆ. ‘ಸರಪಳಿ’ ಎಲ್ಲರಿಗೂ ಗೊತ್ತಿದೆ. ‘ಬ್ರೇಕ್’ಗೆ ‘ತಡೆ’ ಇದೆ. ಬಳಸದೆ ಬಿಟ್ಟು, ಆಮೇಲೆ ಬಳಕೆಯಲ್ಲಿಲ್ಲ ಎನ್ನುವುದು ನ್ಯಾಯವಲ್ಲ.

ಹೊಸನಗರದಿಂದ:

‘ಸರಪಳಿ’ ಎಂದರೆ ನಮ್ಮಲ್ಲಿ ದಿಮ್ಮಿ ಎಳೆಯಲು ಟ್ರ್ಯಾಕ್ಟರಿಗೆ ಕಟ್ಟುವುದು. ಗರಗಸದ್ದು ಚೈನು. ಎರಡೂ ಒಂದೇ ಕೆಲಸದ ಜಾಗದಲ್ಲಿ ಇರುತ್ತವೆ. ‘ಸರಪಳಿಗೆ ಎಣ್ಣೆ ಬಿಡಿ’ ಎಂದು ಬರೆದರೆ ಯಾವುದಕ್ಕೆ ಬಿಡಬೇಕು?

ಸಾಗರದಿಂದ:

ಬೆಂಗಳೂರಿನವರ ಕಳಕಳಿಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಪದ ಇರುವ ಕಡೆ ಅದನ್ನೇ ಬಳಸಬೇಕೆಂಬುದರಲ್ಲಿ ನನಗೂ ಅಷ್ಟೇ ಆಸೆಯಿದೆ. ಆದರೆ ‘ತಡೆ’ಯ ವಿಷಯದಲ್ಲಿ ಒಪ್ಪಲಾರೆ. ಮುಂದಿನ ಹಿಡಿಯ ಎದುರಿಗಿರುವ ಕೈಗಾಪು ಬ್ರೇಕಿನ ಸನ್ನೆಗೋಲೂ ಹೌದು. ಗರಗಸ ಎಗರಿದಾಗ ಮಣಿಕಟ್ಟು ತಾಗಿಯೋ, ಎಗರಿದ ರಭಸದಿಂದಲೇ ತಾನಾಗಿಯೋ ಅದು ಮುಂದಕ್ಕೆ ಬಿದ್ದು ಚೈನನ್ನು ನಿಲ್ಲಿಸುತ್ತದೆ. ಹಗ್ಗ ಎಳೆದು ಚಾಲೂ ಮಾಡುವ ಮೊದಲೂ, ಚಾಲೂ ಇರುವಾಗ ಹೆಜ್ಜೆ ಬದಲಿಸುವ ಮೊದಲೂ ಅದನ್ನು ಮುಂದಕ್ಕೆ ತಳ್ಳಿರಬೇಕು. ಹುಡುಗನೊಬ್ಬ ಅದನ್ನು ಮರೆತು ಹೆಜ್ಜೆಯಿಡುವಾಗ ಹತ್ತಿರದಲ್ಲಿದ್ದವನು ಕೂಗುವುದು ‘ಬ್ರೇಕ್’ ಎಂದೇ. ಕೂಗಿದ ಮಾತೂ ಫಲಕದ ಮಾತೂ ಒಂದೇ ಆಗಿರಬೇಕು.

ಕನ್ನಡದ ಪದಗಳು ಉಳಿಯಬೇಕಾದ ಜಾಗ ಯಂತ್ರದ ಪಾಲನೆಯ ಭಾಗದಲ್ಲಿದೆ, ಅಲ್ಲಿ ಇಂಗ್ಲಿಷಿನ ಅಗತ್ಯವೇ ಬೀಳುವುದಿಲ್ಲ. ಚೈನನ್ನು ಮಸೆಯಲು ದುಂಡು ಅರ, ಗುಬಟನ್ನು ತಗ್ಗಿಸಲು ಚಪ್ಪಟೆ ಅರ. ‘ಫೈಲ್’ ಎಂದು ಬರೆಯುವವರು ‘ಅರ’ವನ್ನು ಮರೆತವರು. ಹಲ್ಲು ಹರಿತವಾಗಿದ್ದರೆ ಕೊಯ್ದಲ್ಲಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ರಾಗಿಹಿಟ್ಟಿನಂಥ ನಯವಾದ ಪುಡಿ ಬರತೊಡಗಿದರೆ ಹಲ್ಲು ಮೊಂಡಾಗಿದೆ ಎಂದರ್ಥ, ಆಗ ಒತ್ತಿ ಕೊಯ್ಯದೆ ನಿಲ್ಲಿಸಿ ಮಸೆಯಬೇಕು. ಅರದ ದಪ್ಪ ಚೈನಿನ ಅಳತೆಯನ್ನು ಅವಲಂಬಿಸಿದೆ: 0.325 ಇಂಚಿನ ಚೈನಿಗೆ 4.8 ಮಿ.ಮೀ. ಸಾಮಾನ್ಯ, ಸಣ್ಣ ಯಂತ್ರಗಳ ತಗ್ಗು ಹಲ್ಲಿನ ಚೈನಿಗೆ ಹೆಚ್ಚಾಗಿ 4 ಮಿ.ಮೀ. ಬೇಕಾಗುತ್ತದೆ. ಬಹುತೇಕ ಚೈನುಗಳಿಗೆ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ಉಜ್ಜಬೇಕು. ಎಡಬಲದ ಹಲ್ಲುಗಳು ಒಂದೇ ಉದ್ದಕ್ಕಿರದಿದ್ದರೆ ಕೊಯ್ತ ಒಂದು ಪಕ್ಕಕ್ಕೆ ವಾಲುತ್ತದೆ.

‘ಗುಬಟು’ ಎಂದೆನಲ್ಲ, ಅದು ಪ್ರತಿ ಹಲ್ಲಿನ ಮುಂದೆ ನಿಂತಿರುವ ‘ಡೆಪ್ತ್ ಗೇಜ್’. ಹಲ್ಲಿನ ತುದಿಗಿಂತ ಅದು ಸಾಮಾನ್ಯವಾಗಿ 0.65 ಮಿ.ಮೀ.ಯಷ್ಟೇ ಕೆಳಗಿರಬೇಕು, ಏಕೆಂದರೆ ಹಲ್ಲು ಒಂದು ಸಲಕ್ಕೆ ಎಷ್ಟು ಮರವನ್ನು ಕಚ್ಚಬಹುದೆಂಬುದನ್ನು ಅದೇ ನಿರ್ಧರಿಸುತ್ತದೆ. ಬೇಗ ಕೊಯ್ಯಲೆಂದು ಇದನ್ನು ಕಣ್ಣಳತೆಯಲ್ಲಿ ಅತಿಯಾಗಿ ಉಜ್ಜಿ ತಗ್ಗಿಸುವವರಿದ್ದಾರೆ; ಹಾಗೆ ಮಾಡಿದ ಗರಗಸವೇ ಹೆಚ್ಚು ಎಗರುವುದು. ಈ ವಾಕ್ಯ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರಲಿ.

ಚೈನಿನ ಬಿಗಿ, ಏರ್ ಫಿಲ್ಟರಿನ ಶುಚಿ ಮುಂತಾದವನ್ನು ಪ್ರತಿಯೊಂದು ಯಂತ್ರದ ಜೊತೆ ಬರುವ ಪುಸ್ತಕ ಸರಿಯಾಗಿಯೇ ಹೇಳುತ್ತದೆ. ಒಂದನ್ನು ಮಾತ್ರ ಸೇರಿಸಿರಿ: ಬಿಸಿಯಾಗಿ ಜೋತ ಚೈನನ್ನು ಬಿಗಿದು ಕೆಲಸ ಮಾಡಿದ್ದರೆ, ಮುಗಿಸಿದೊಡನೆ ಸಡಿಲಿಸಿಡಬೇಕು, ಇಲ್ಲದಿದ್ದರೆ ಆರಿ ಕುಗ್ಗಿದ ಚೈನು ಒಳಗಿನ ಬೇರಿಂಗನ್ನು ಹಾಳುಮಾಡುತ್ತದೆ.

ತೀರ್ಥಹಳ್ಳಿಯಿಂದ:

ಎಲ್ಲರಿಗೂ ಕೃತಜ್ಞತೆಗಳು. ‘ಚೈನ್ ಗರಗಸ’ ಎಂಬುದನ್ನು ತಲೆಬರಹಕ್ಕೆ ಇಟ್ಟುಕೊಂಡಿದ್ದೇನೆ. ಫಲಕದ ಪಠ್ಯ ಈಗ ಹೀಗಿದೆ. ಕೊನೆಯ ತಿದ್ದುಪಡಿಗಳನ್ನು ನಾಳೆ ಮಧ್ಯಾಹ್ನದೊಳಗೆ ತಿಳಿಸಬೇಕು.

‘ಪಟ್ಟಿಯ ಮೂತಿಯನ್ನು ಯಾವುದಕ್ಕೂ ತಾಗಿಸಬೇಡಿ, ಮೂತಿಯ ಮೇಲ್ಭಾಗ ತಾಗಿದರೆ ಗರಗಸ ಮುಖಕ್ಕೆ ಎಗರುತ್ತದೆ. ಎರಡೂ ಕೈಗಳಿಂದ ಹಿಡಿಯಿರಿ, ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ, ಏಣಿಯ ಮೇಲೆ ನಿಂತು ಕೊಯ್ಯಬೇಡಿ. ಬ್ರೇಕ್ ಹಾಕಿ, ಗರಗಸವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಬಲಗಾಲಿನಿಂದ ಮೆಟ್ಟಿ ಚಾಲೂ ಮಾಡಿ. ರೇಸ್ ಬಿಟ್ಟ ಮೇಲೂ ಚೈನು ಓಡುತ್ತಿದ್ದರೆ ಬಳಸಬೇಡಿ. ಬಾಗಿದ ಮರದಲ್ಲಿ ಮೊದಲು ಒತ್ತಿದ ಬದಿ, ಆಮೇಲೆ ಬಿಗಿದ ಬದಿ. ಉರುಳಿಸುವ ಮರದಿಂದ ಅದರ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಹೆಲ್ಮೆಟ್, ಮುಖದ ಜಾಲರಿ, ಕಿವಿಗಾಪು, ಗರಗಸ ತಡೆಯುವ ಪ್ಯಾಂಟು, ಬೂಟು ಇಲ್ಲದೆ ಗರಗಸ ಕೊಡಲಾಗುವುದಿಲ್ಲ. ಎಂಜಿನ್ ಆರಿದ ಮೇಲೆ ಪೆಟ್ರೋಲು ತುಂಬಿ, ತುಂಬಿದ ಜಾಗದಿಂದ 3 ಮೀಟರ್ ಆಚೆ ಹೋಗಿ ಚಾಲೂ ಮಾಡಿ.’

ಶಿವಮೊಗ್ಗದಿಂದ:

‘ಪ್ರತಿಘಾತ’ವನ್ನು ಹಿಂತೆಗೆದುಕೊಳ್ಳುವುದಿಲ್ಲ, ಪಠ್ಯಪುಸ್ತಕಕ್ಕೆ ಅದೇ ತಕ್ಕದ್ದು, ಫಲಕಕ್ಕೆ ಸಾಗರದವರ ವಾಕ್ಯವಿರಲಿ. ತಿದ್ದಬೇಕಾದವು ಎರಡಿವೆ. ಮೂತಿಯನ್ನು ಯಾರೂ ಬೇಕೆಂದು ತಾಗಿಸುವುದಿಲ್ಲ, ಅದು ತಾಗುತ್ತದೆ. ಆದ್ದರಿಂದ ‘ತಾಗಿಸಬೇಡಿ’ ಎಂಬುದರ ಬದಲು ‘ತಾಗದಂತೆ ನೋಡಿಕೊಳ್ಳಿ’ ಎಂದಾಗಬೇಕು. ‘ಎಂಜಿನ್ ಆರಿದ ಮೇಲೆ’ ಎಂದರೆ ನಿಂತ ಮೇಲೆ ಎಂದೂ ಅರ್ಥವಾಗುತ್ತದೆ, ತಣ್ಣಗಾದ ಮೇಲೆ ಎಂದೂ ಅರ್ಥವಾಗುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚೆಲ್ಲಬಾರದೆಂಬುದು ತಮ್ಮ ಉದ್ದೇಶವಾಗಿರುವುದರಿಂದ ‘ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ’ ಎಂದು ಬಿಡಿಸಿ ಬರೆಯಿರಿ.

ಸಾಗರದಿಂದ:

ಎರಡೂ ತಿದ್ದುಪಡಿಗಳು ಸರಿ. ಪೆಟ್ರೋಲಿನ ಸಾಲಿಗೆ, ಅದರೊಳಗೆ ಬೆರೆಸುವ ಎಣ್ಣೆಯ ಅಳತೆಯನ್ನೂ ಸೇರಿಸಿರಿ: ಸಂಘದ ಯಂತ್ರಗಳ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ, ಲೀಟರಿಗೆ 20 ಮಿ.ಲೀ. ಟೂ-ಟಿ ಆಯಿಲ್ ಎಂದು ಬರೆದುಬಿಡಿ, ಲೆಕ್ಕವನ್ನು ಓದುವವನಿಗೆ ಬಿಡಬೇಡಿ. ಚೈನಿಗೆ ಬಿಡುವ ಎಣ್ಣೆಯ ಟ್ಯಾಂಕು ಬೇರೆ. ಪೆಟ್ರೋಲು ತುಂಬಿದಾಗಲೆಲ್ಲ ಅದನ್ನೂ ತುಂಬಬೇಕು. ಎರಡು ಮುಚ್ಚಳಗಳ ಮೇಲೂ ಬಣ್ಣದಲ್ಲಿ ‘ಪೆಟ್ರೋಲು’, ‘ಚೈನ್ ಎಣ್ಣೆ’ ಎಂದು ಬರೆಸಿರಿ.