ಓದುಗರ ಸ್ಪಂದನ: ನನ್ನ ಕೋಡ್ ಡ್ರೋನ್‌ಗೆ ಹೋಗುತ್ತಿದೆ, ಕೆಲಸ ಬಿಡಲಾ?

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು: "ನನಗೆ 31 ವರ್ಷ. ಕ್ಯಾಮೆರಾ ಚಿತ್ರದಲ್ಲಿ ಏನಿದೆ ಎಂದು ಗುರುತಿಸುವ ಸಾಫ್ಟ್‌ವೇರ್ ಬರೆಯುತ್ತೇನೆ. ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಹುಡುಕಲೆಂದು ಶುರುವಾದ ಪ್ರಾಜೆಕ್ಟ್ ಈಗ ಶಸ್ತ್ರ ಹೊತ್ತ ಡ್ರೋನ್‌ಗೆ ಹೋಗಲಿದೆಯಂತೆ. ಕೊನೆಗೆ ಬಟನ್ ಒತ್ತುವವನು ಮನುಷ್ಯನೇ ತಾನೇ, ನಿನಗ್ಯಾಕೆ ಚಿಂತೆ ಅಂತಾರೆ ಮೇಲಿನವರು. ನಿದ್ದೆ ಬರುತ್ತಿಲ್ಲ. ಮನೆ ಸಾಲವೂ ಇದೆ. ಬಿಡಲಾ, ಇರಲಾ?" ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಚಿತ್ರಗಳಿಗೆ ಗುರುತು ಹಾಕುವ ಕೆಲಸ ಮಾಡಿದವಳು

ನಿಮ್ಮಂಥವರ ಸಾಫ್ಟ್‌ವೇರಿಗೆ 'ಇದು ಮನುಷ್ಯ, ಇದು ಗಾಡಿ' ಅಂತ ಪಾಠ ಹೇಳಿಕೊಡುವವರು ನಾವು. ಎರಡು ವರ್ಷ ದಿನವಿಡೀ ಕೂತು ಚಿತ್ರಗಳ ಮೇಲೆ ಚೌಕ ಎಳೆದಿದ್ದೇನೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಮನುಷ್ಯ ಅಂದರೆ ಒಂದು ಚುಕ್ಕೆ, ಅದರ ಪಕ್ಕ ಉದ್ದನೆಯ ನೆರಳು. ನಾವು ಆಳನ್ನು ಗುರುತಿಸುತ್ತಿದ್ದುದೇ ನೆರಳಿನಿಂದ. ಒಮ್ಮೆ ಹೆಗಲ ಮೇಲೆ ಉದ್ದದ್ದೇನೋ ಹೊತ್ತ ಒಬ್ಬರ ಚಿತ್ರ ಬಂತು. ಗುದ್ದಲಿ ಇರಬಹುದು, ಪೈಪ್ ಇರಬಹುದು, ಬಂದೂಕೂ ಇರಬಹುದು. ಆಯ್ಕೆ ಎರಡೇ: ಆಯುಧ ಇದೆ, ಆಯುಧ ಇಲ್ಲ. 'ಗೊತ್ತಾಗುತ್ತಿಲ್ಲ' ಅನ್ನುವುದಕ್ಕೆ ಜಾಗವೇ ಇರಲಿಲ್ಲ. ಮೇಲ್ವಿಚಾರಕರನ್ನು ಕೇಳಿದರೆ, ನಿನಗೆ ಏನನ್ನಿಸುತ್ತೋ ಅದನ್ನೇ ಹಾಕು, ಒಂದೇ ಚಿತ್ರದ ಮೇಲೆ ಕೂತಿರಬೇಡ ಅಂದರು. 'ಇದೆ' ಅಂತ ಒತ್ತಿದೆ. ಸಂಜೆಯಾಗಿತ್ತು, ಕಣ್ಣು ಉರಿಯುತ್ತಿತ್ತು.

ಮುಂದೆ ಯಾವುದೋ ಪರದೆಯ ಮೇಲೆ '87 ಪರ್ಸೆಂಟ್ ಖಚಿತ' ಅಂತ ಬಂದರೆ, ಆ 87ರೊಳಗೆ ನನ್ನ ಆವತ್ತಿನ ಸುಸ್ತೂ ಸೇರಿದೆ. ನೀವು ಇರಿ ಅಥವಾ ಬಿಡಿ, ಮೊದಲು ನಿಮ್ಮ ಡೇಟಾಕ್ಕೆ ಗುರುತು ಹಾಕಿದವರು ಯಾರು, 'ಗೊತ್ತಿಲ್ಲ' ಅನ್ನುವ ಆಯ್ಕೆ ಅವರಿಗೆ ಇತ್ತಾ ಅಂತ ವಿಚಾರಿಸಿ.

ಬಾಂಬ್ ನಿಷ್ಕ್ರಿಯ ದಳದಲ್ಲಿದ್ದ ನಿವೃತ್ತ ಸೈನಿಕ

ತಮ್ಮಾ, ಯಂತ್ರವನ್ನೇ ಬೈಯಬೇಡ. ನಮ್ಮ ದಳದಲ್ಲಿ ಒಂದು ಪುಟ್ಟ ರೋಬೋ ಇತ್ತು, ಟ್ಯಾಂಕಿನ ಹಾಗೆ ಪಟ್ಟಿ ಚಕ್ರ, ಮುಂದೆ ಒಂದು ಕೈ. ಒಂದು ದಿನ ಹೋಗಿದ್ದು ವಾಪಸ್ ಬರಲಿಲ್ಲ. ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದೆವು, ದಾರಿಯುದ್ದಕ್ಕೂ ನಗುತ್ತಿದ್ದೆವು. ಅದಿಲ್ಲದಿದ್ದರೆ ಆ ಚೀಲದಲ್ಲಿ ನಾನಿರುತ್ತಿದ್ದೆ.

ಮನುಷ್ಯ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅನ್ನುವವರನ್ನೂ ನಾನು ನಂಬುವುದಿಲ್ಲ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನಿನ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿತು, 290 ಜನ ಸತ್ತರು. ಹಡಗಿನ ಕಂಪ್ಯೂಟರ್ ವಿಮಾನ ಮೇಲೇರುತ್ತಿದೆ ಅಂತಲೇ ತೋರಿಸುತ್ತಿತ್ತು. ಆದರೆ ಒಳಗಿದ್ದವರು, ನಮ್ಮ ಮೇಲೆ ಎರಗಲು ಕೆಳಗಿಳಿಯುತ್ತಿದೆ ಅಂದುಕೊಂಡರು. ಹೆದರಿದವನ ಕಣ್ಣಿಗೆ ಹೆದರಿಕೆಯೇ ಕಾಣುವುದು. ನೀನು ಪ್ರಾಮಾಣಿಕ ಅಂತ ಪತ್ರ ಓದಿದರೇ ಗೊತ್ತಾಗುತ್ತೆ, ಅಂಥವನು ಒಳಗಿರಲಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಒಂದು ಮಾತು. ನಮ್ಮ ರೋಬೋ ಯಾರನ್ನೂ ಆರಿಸುತ್ತಿರಲಿಲ್ಲ. ಹೇಳಿದ ಕಡೆ ಹೋಗುತ್ತಿತ್ತು, ಅಷ್ಟೇ. ನಿನ್ನದು ಆರಿಸುತ್ತೆ.

ನಿಮ್ಮಂತೆಯೇ ಸಾಫ್ಟ್‌ವೇರ್ ಬರೆಯುವವನು

'ಬಟನ್ ಒತ್ತುವವನು ಮನುಷ್ಯ' ಅನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ ಸಾರ್. ಆ ಮನುಷ್ಯನಿಗೆ ಎಷ್ಟು ಸೆಕೆಂಡ್ ಕೊಡ್ತೀರಿ? ಅವನ ಪರದೆಯಲ್ಲಿ ಕೆಂಪು ಚೌಕ ಒಂದೇನಾ, ಅನುಮಾನಕ್ಕೆ ಕಾರಣವೂ ಕಾಣುತ್ತಾ? ಬೇಡ ಅಂದರೆ ನೂರು ಫಾರ್ಮ್ ತುಂಬಬೇಕು, ಹೂಂ ಅಂದರೆ ಒಂದೇ ಕ್ಲಿಕ್ ಅಂತಿದ್ದರೆ ಅವನು ರಬ್ಬರ್ ಸ್ಟ್ಯಾಂಪ್ ಆಗಿಬಿಡುತ್ತಾನೆ.

1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ, ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಅಂತ ಕೂಗಿಕೊಂಡಿತು. ಪಾಳಿಯಲ್ಲಿದ್ದ ಸೇನಾಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್, ಯುದ್ಧ ಶುರು ಮಾಡುವವರು ಬರೀ ಐದು ಬಿಡ್ತಾರಾ ಅಂತ ಯೋಚಿಸಿ, ಇದು ಸುಳ್ಳು ಎಚ್ಚರಿಕೆ ಅಂತ ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲು ಉಪಗ್ರಹವನ್ನು ಮೋಸ ಮಾಡಿತ್ತು. ಅವರಿಗೆ ಅನುಮಾನ ಪಡಲು ಕೆಲವು ನಿಮಿಷ ಸಿಕ್ಕಿತ್ತು. ಈಗಿನ ಡಿಸೈನ್ ಮೀಟಿಂಗ್‌ಗಳಲ್ಲಿ ನಾವು ಮೊದಲು ಕತ್ತರಿಸುವುದೇ ಆ ನಿಮಿಷಗಳನ್ನು, ಅಲ್ವಾ?

ಸಣ್ಣ ತಪ್ಪು ಅಂತ ಯಾವುದನ್ನೂ ಬಿಡಬೇಡಿ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಅನ್ನುವ ಕ್ಷಿಪಣಿ ತಡೆ ವ್ಯವಸ್ಥೆ ಇರಾಕಿನ ಒಂದು ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ, ಅಮೆರಿಕದ 28 ಸೈನಿಕರು ಸತ್ತರು. ಕಾರಣ ಕೇಳಿದರೆ ನಮ್ಮಂಥವರಿಗೆ ಮೈ ಜುಮ್ಮೆನ್ನುತ್ತೆ. ಸಮಯ ಲೆಕ್ಕ ಹಾಕಲು ಬಳಸುತ್ತಿದ್ದ 0.1 ಅನ್ನುವ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ 24 ಬಿಟ್‌ಗೆ, ಅಂದರೆ 24 ಅಂಕಿಯಷ್ಟು ಜಾಗಕ್ಕೆ, ಕತ್ತರಿಸಿ ಇಟ್ಟಿದ್ದರು. ನೂರು ಗಂಟೆ ನಿಲ್ಲಿಸದೆ ಓಡಿಸಿದ್ದಕ್ಕೆ ಗಡಿಯಾರ ಸುಮಾರು 0.34 ಸೆಕೆಂಡ್ ತಪ್ಪಿತ್ತು, ಅಷ್ಟಕ್ಕೇ ಕ್ಷಿಪಣಿಯನ್ನು ತಪ್ಪು ಜಾಗದಲ್ಲಿ ಹುಡುಕಿತು. ಸರಿಪಡಿಸಿದ ಸಾಫ್ಟ್‌ವೇರ್ ಅಲ್ಲಿಗೆ ತಲುಪಿದ್ದು ಮಾರನೇ ದಿನ.

ಕಾನೂನು ಪಾಠ ಮಾಡುವವಳು

ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪ್ರೋಟೋಕಾಲ್‌ನ (ಹೆಚ್ಚುವರಿ ಒಪ್ಪಂದದ) 36ನೇ ವಿಧಿ, ಹೊಸ ಆಯುಧ ಯಾವುದೇ ಇರಲಿ ಅದು ಕಾನೂನಿಗೆ ಒಪ್ಪುತ್ತದೆಯೇ ಅಂತ ಮೊದಲೇ ನೋಡಬೇಕು ಅನ್ನುತ್ತದೆ. ನಿಮ್ಮ ಪ್ರಾಜೆಕ್ಟಿಗೆ ಅಂಥ ಪರಿಶೀಲನೆ ಆಗಿದೆಯಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ನನ್ನನ್ನು ಕಾಡುವುದು ಬೇರೆ ಸಂಗತಿ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿ ಕಾರನ್ನು ಗಂಟೆಗಟ್ಟಲೆ ಹಿಂಬಾಲಿಸಿ ಹೊಡೆಯಿತು. 10 ನಾಗರಿಕರು ಸತ್ತರು, ಅವರಲ್ಲಿ 7 ಮಕ್ಕಳು. ತಪ್ಪಾಯಿತು ಅಂತ ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್ ಒಪ್ಪಿಕೊಂಡಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ಅಲ್ಲಿ ಪ್ರತಿ ಹಂತದಲ್ಲೂ ಮನುಷ್ಯರಿದ್ದರು! ಮನುಷ್ಯರಿದ್ದಾಗಲೇ ಹೊಣೆ ಹೀಗೆ ಆವಿಯಾದರೆ, ನಾಳೆ 'ಅಲ್ಗಾರಿದಂ ಹಾಗೆ ಹೇಳಿತು' ಅನ್ನುವವರನ್ನು ಹಿಡಿಯುವುದು ಹೇಗೆ?

ಪೂರ್ತಿ ಕೈಚೆಲ್ಲಬೇಕಿಲ್ಲ. ಕಣ್ಣು ಕುರುಡು ಮಾಡುವ ಲೇಸರ್‌ಗಳನ್ನು ಯುದ್ಧದಲ್ಲಿ ಬಳಕೆಗೆ ಬರುವ ಮೊದಲೇ, 1995ರಲ್ಲಿ, ನಿಷೇಧಿಸಿದ್ದರು. ಯಂತ್ರವೇ ಗುರಿ ಆರಿಸುವ ಆಯುಧಗಳ ಬಗ್ಗೆ 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯಕ್ಕೆ 166 ದೇಶಗಳು ಹೂಂ ಅಂದವು. ಆದರೆ ಅದು ಯಾರನ್ನೂ ಕಟ್ಟಿಹಾಕುವ ಕಾನೂನಲ್ಲ.

ಹೆಸರು ಬೇಡ ಅಂದವರು

ನೀವು ಬಿಟ್ಟರೆ ಇನ್ನೊಬ್ಬ ಬರ್ತಾನೆ, ಸುಮ್ನೆ ಇರಿ. 2018ರಲ್ಲಿ ಗೂಗಲ್‌ನ 3,000ಕ್ಕೂ ಜಾಸ್ತಿ ಉದ್ಯೋಗಿಗಳು ಡ್ರೋನ್ ವಿಡಿಯೋ ವಿಶ್ಲೇಷಿಸುವ ಪೆಂಟಗನ್‌ನ ಪ್ರಾಜೆಕ್ಟ್ ಮೇವನ್ ಬೇಡ ಅಂತ ಸಹಿ ಹಾಕಿದರು, ಕಂಪನಿ ಒಪ್ಪಂದ ಮುಂದುವರಿಸಲಿಲ್ಲ. ಮೇವನ್ ನಿಂತಿತಾ? ಬೇರೆಯವರು ಮಾಡಿದರು. 2025ರಲ್ಲಿ ಗೂಗಲ್ಲೂ ಆಯುಧಕ್ಕೆ ಎಐ ಕೊಡಲ್ಲ ಅನ್ನುವ ತನ್ನ ಮಾತನ್ನು ಕೈಬಿಟ್ಟಿತು.

ಕೆಲಸ ಬಿಟ್ಟವನು

ಮೇಲಿನಂಥ ಮಾತು ನನಗೂ ಹೇಳಿದ್ದರು. ಇನ್ನೊಬ್ಬ ಬಂದಿದ್ದೂ ನಿಜ. ಆದರೂ ಬಿಟ್ಟೆ, ಎಂಟು ತಿಂಗಳು ಮನೆಯಲ್ಲಿ ಕೂತೆ. ಯಾರೂ ಹಾರ ಹಾಕಲಿಲ್ಲ. ನಿದ್ದೆ ಮಾತ್ರ ಬಂತು, ಅದೂ ತಕ್ಷಣ ಅಲ್ಲ, ಯಾಕೆಂದರೆ ನನ್ನ ಕೋಡ್ ಅಲ್ಲೇ ಉಳಿದಿತ್ತು, ಫೈಲಿನ ಮೇಲೆ ಈಗಲೂ ನನ್ನ ಹೆಸರಿದೆಯಂತೆ.

ನಾನು ಮಾಡದೆ ಬಿಟ್ಟ ಒಂದು ಕೆಲಸ ನೀವು ಮಾಡಿ. ನಿಮ್ಮ ಸಾಫ್ಟ್‌ವೇರ್ ಎಲ್ಲೆಲ್ಲಿ ತಪ್ಪುತ್ತದೆ, ಮಬ್ಬು ಬೆಳಕಲ್ಲಿ ಹೇಗೆ, ಮಕ್ಕಳಿದ್ದಾಗ ಹೇಗೆ, ಎಲ್ಲವನ್ನೂ ಒಂದು ಮೇಲ್‌ನಲ್ಲಿ ಬರೆದು ಮೇಲಿನವರಿಗೆ ಕಳಿಸಿ. ಬಾಯಲ್ಲಿ ಹೇಳಬೇಡಿ, ಬರೆಯಿರಿ. ಅವರೇನು ಉತ್ತರ ಕೊಡ್ತಾರೆ ನೋಡಿ. ಉತ್ತರವೇ ಬರದಿದ್ದರೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮತ್ತೆ, ಬಿಡುವುದೇ ಆದರೆ ಸಾಲದ ಆರು ಕಂತು ಕೈಯಲ್ಲಿ ಇಟ್ಟುಕೊಂಡು ಬಿಡಿ.